ಅರವತ್ತೇಳು ಒಂದುಗಳು: ಒಂದು ಸಂಖ್ಯೆಯನ್ನು ಒಡೆದ ಕೆಲಸದ ಟಿಪ್ಪಣಿ

ಸಂಖ್ಯೆ ಇದು: 14,75,73,95,25,89,67,64,12,927. ಒಟ್ಟು 21 ಅಂಕಿಗಳು. 2ರ 67ನೇ ಘಾತದಿಂದ 1 ಕಳೆದರೆ ಸಿಗುವುದು ಇದೇ. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ 67 ಒಂದುಗಳು. ಮದ್ದಿಗೆ ಬೇಕೆಂದರೂ ಒಂದು ಸೊನ್ನೆ ಸಿಗುವುದಿಲ್ಲ.

1644ರಲ್ಲಿ ಫ್ರಾನ್ಸಿನ ಸನ್ಯಾಸಿ ಮರ್ಸೆನ್ ಇಂಥ ಸಂಖ್ಯೆಗಳ ಒಂದು ಪಟ್ಟಿ ಕೊಟ್ಟ. ಘಾತಸೂಚಿ 2, 3, 5, 7, 13, 17, 19, 31, 67, 127, 257 ಆಗಿದ್ದರೆ ಅವಿಭಾಜ್ಯ ಸಂಖ್ಯೆ, 257ರೊಳಗೆ ಉಳಿದವೆಲ್ಲ ಸಂಯುಕ್ತ ಎಂದ. ಅದರಲ್ಲಿ 67 ಮತ್ತು 257 ಇರಬಾರದಿತ್ತು. 61, 89, 107 ಇರಬೇಕಿತ್ತು. 67ರದು ತಪ್ಪು ಎಂದು 1876ರಲ್ಲಿ ಫ್ರಾನ್ಸಿನದೇ ಗಣಿತಜ್ಞ ಲುಕಾ ತೋರಿಸಿದ. ಆದರೆ ಆ ಸಂಖ್ಯೆಯನ್ನು ಯಾವುದು ಭಾಗಿಸುತ್ತದೆ ಎಂಬುದು ಅವನ ಲೆಕ್ಕದಿಂದ ಹೊರಬರಲಿಲ್ಲ. ಅದನ್ನು ಒಡೆದವನು ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್, 1903ರಲ್ಲಿ.

ಈ ಕಥೆ ನನಗೆ ಗೊತ್ತಿತ್ತು, ಅಂಕಿಗಳು ನೆನಪಿರಲಿಲ್ಲ. ಹಾಗಾಗಿ ಒಂದು ಕಟ್ಟುಪಾಡು ಹಾಕಿಕೊಂಡೆ: ಉತ್ತರವನ್ನು ಎಲ್ಲಿಯೂ ಹುಡುಕಬಾರದು, ಅಪವರ್ತನ ಮಾಡಿಕೊಡುವ ಸಿದ್ಧ ತಂತ್ರಾಂಶ ಮುಟ್ಟಬಾರದು, ನಾನೇ ಬರೆದ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮಿನಿಂದ ಒಡೆಯಬೇಕು, ಕೊನೆಗೆ ಕಾಗದದ ಮೇಲೆ ಗುಣಾಕಾರ ಮಾಡಿ ತಾಳೆ ನೋಡಬೇಕು. ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆ. ಮೂರು ಸಂಜೆ ಹಿಡಿಯಿತು. ಎರಡು ಸಂಜೆ ನನ್ನದೇ ತಪ್ಪಿನ ಬೆನ್ನು ಹತ್ತಿದ್ದಕ್ಕೆ ಹೋಯಿತು. ಈ ಟಿಪ್ಪಣಿ ಬರೆಯಲು ಕಾರಣವೂ ಆ ತಪ್ಪೇ.

ಸ್ಪ್ರೆಡ್‌ಶೀಟಿನಲ್ಲಿ ಎಡವಿದ್ದು

ಸೋಮಾರಿತನದಿಂದ ಮೊದಲು ಸ್ಪ್ರೆಡ್‌ಶೀಟ್ ತೆರೆದೆ. ಸೂತ್ರ ಹಾಕಿದೊಡನೆ ಕಂಡದ್ದು 147573952589676000000. ಕೊನೆಯ ಆರು ಅಂಕಿಗಳು ಸೊನ್ನೆ! 15 ಅಂಕಿಗಳಾಚೆಗೆ ಅದು ತೋರಿಸುವುದೇ ಇಲ್ಲ. ತೋರಿಸದಿದ್ದರೆ ಹೋಗಲಿ, ಒಳಗಾದರೂ ಸರಿಯಾಗಿ ಇಟ್ಟುಕೊಂಡಿದೆಯೇ ಎಂದರೆ ಅದೂ ಇಲ್ಲ. ಒಳಗಿನ ಲೆಕ್ಕ 53 ಬಿಟ್‌ಗಳಷ್ಟು, ಅಂದರೆ 53 ದ್ವಿಮಾನ ಅಂಕಿಗಳಷ್ಟು ನಿಖರ. ನಮ್ಮ ಸಂಖ್ಯೆಯ ಆಸುಪಾಸಿನಲ್ಲಿ ಅದು ಹಿಡಿದಿಡಬಲ್ಲ ಎರಡು ನೆರೆಯ ಸಂಖ್ಯೆಗಳ ನಡುವಿನ ಅಂತರ 16,384. ಅಂಥಲ್ಲಿ 1 ಕಳೆದರೆ ಕಳೆದಂತೆಯೇ ಆಗುವುದಿಲ್ಲ. ಉತ್ತರ ಮತ್ತೆ 2ರ 67ನೇ ಘಾತಕ್ಕೇ ಹೋಗಿ ಕೂರುತ್ತದೆ. ಬೆಸ ಸಂಖ್ಯೆಯೊಂದು ಸದ್ದಿಲ್ಲದೆ ಸಮ ಸಂಖ್ಯೆಯಾಗಿತ್ತು.

ಮುಚ್ಚಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಹೋದೆ. ಅಲ್ಲಿ ಪೂರ್ಣಾಂಕ ಎಷ್ಟು ಉದ್ದವಿದ್ದರೂ ನಡೆಯುತ್ತದೆ. 64 ಬಿಟ್‌ನ ಪೆಟ್ಟಿಗೆಗೆ ಕಟ್ಟುಬಿದ್ದ ಭಾಷೆಯಾಗಿದ್ದರೆ ಮೂರು ಬಿಟ್‌ಗಳ ಕೊರತೆಯಿಂದ ಮತ್ತೆ ಎಡವುತ್ತಿದ್ದೆ.

ಜರಡಿ ಹಿಡಿದದ್ದು

3, 5, 7, 11 ಎಂದು ಸಿಕ್ಕಸಿಕ್ಕ ಸಂಖ್ಯೆಯಿಂದ ಭಾಗಿಸುತ್ತಾ ಹೋಗಬೇಕಾಗಿಲ್ಲ. q ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎನ್ನೋಣ. ಅಂದರೆ 2ರ 67ನೇ ಘಾತವನ್ನು q ಇಂದ ಭಾಗಿಸಿದರೆ ಶೇಷ 1. ಫರ್ಮಾನ ಪ್ರಮೇಯದ ಪ್ರಕಾರ 2ರ (q−1)ನೇ ಘಾತದ ಶೇಷವೂ 1. 67 ಸ್ವತಃ ಅವಿಭಾಜ್ಯವಾದ್ದರಿಂದ ಎರಡೂ ಒಟ್ಟಿಗೆ ನಡೆಯಬೇಕಾದರೆ q−1ನ್ನು 67 ಭಾಗಿಸಲೇಬೇಕು. q ಬೆಸ, ಹಾಗಾಗಿ q−1 ಸಮ. ಆದ್ದರಿಂದ q ಎಂದರೆ 134ರ ಯಾವುದೋ ಗುಣಕಕ್ಕೆ 1 ಸೇರಿಸಿದ್ದು. ಒಂದೇ ಏಟಿಗೆ 134 ಸಂಖ್ಯೆಗಳಲ್ಲಿ 133 ಜರಡಿಯಿಂದ ಆಚೆ ಹೋದವು.

ಇನ್ನೊಂದು ಜರಡಿ ನನಗೆ ಇದಕ್ಕಿಂತಲೂ ಇಷ್ಟ. 67ನೇ ಘಾತದ ಶೇಷ 1 ಆದರೆ 68ನೇ ಘಾತದ ಶೇಷ 2. 68 ಸಮ ಸಂಖ್ಯೆ; ಆದ್ದರಿಂದ 2ರ 34ನೇ ಘಾತದ ವರ್ಗವೇ ಈ 2. ಅಂದರೆ q ಇಂದ ಭಾಗಿಸಿ ಶೇಷ ಹಿಡಿಯುವ ಲೋಕದಲ್ಲಿ 2 ಎಂಬುದು ಒಂದು ಪೂರ್ಣ ವರ್ಗ. 2 ಪೂರ್ಣ ವರ್ಗವಾಗುವುದು q ಅನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದರೆ ಮಾತ್ರ. ಉಳಿದವುಗಳಲ್ಲಿ ಇನ್ನೂ ಅರ್ಧ ಹೋಯಿತು.

ಎಲ್ಲಿಯವರೆಗೆ ಹುಡುಕಬೇಕು? ಸಂಖ್ಯೆಯ ವರ್ಗಮೂಲದವರೆಗೆ, ಎಂದರೆ ಸುಮಾರು 1,214 ಕೋಟಿಯವರೆಗೆ. 134ರಂತೆ ಹೆಜ್ಜೆ ಹಾಕಿದರೆ 9 ಕೋಟಿ 6 ಲಕ್ಷದಷ್ಟು ಹೆಜ್ಜೆ, ಅದರಲ್ಲಿ ಅರ್ಧದಷ್ಟನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಯಂತ್ರಕ್ಕೆ ಇದು ಲೆಕ್ಕಕ್ಕೇ ಇಲ್ಲ.

1609ರ ಮೇಲೆ ಕೈಲೆಕ್ಕ

ಪ್ರೋಗ್ರಾಮ್ ಓಡಿಸುವ ಮೊದಲು ಒಂದನ್ನಾದರೂ ಕೈಯಲ್ಲಿ ಮಾಡಿ ನೋಡುವುದು ನನ್ನ ರೂಢಿ. ಎರಡೂ ಜರಡಿ ದಾಟಿ ಬರುವ ಮೊದಲ ಸಂಖ್ಯೆಗಳು 135, 537, 671, 1073, 1207. ಇವೆಲ್ಲ ಸಂಯುಕ್ತ, ಬಿಟ್ಟುಬಿಡಬಹುದು. ಅವಿಭಾಜ್ಯವೆಂದು ಮೊದಲು ಎದುರಾಗುವುದು 1609.

21 ಅಂಕಿಯ ಸಂಖ್ಯೆಯನ್ನು 1609ರಿಂದ ಭಾಗಿಸುತ್ತಾ ಕೂರಬೇಕಾಗಿಲ್ಲ. ಶೇಷವನ್ನೇ ವರ್ಗ ಮಾಡುತ್ತಾ ಹೋದರೆ ದೊಡ್ಡ ಸಂಖ್ಯೆಯ ಮುಖವನ್ನೇ ನೋಡದೆ ಕೆಲಸ ಮುಗಿಯುತ್ತದೆ. 8ನೇ ಘಾತ 256. ಅದರ ವರ್ಗ 65,536. 1609ರ 40ರಷ್ಟನ್ನು ಕಳೆದರೆ 1176. ಇದು 16ನೇ ಘಾತದ ಶೇಷ. 1176ರ ವರ್ಗ 13,82,976, ಶೇಷ 845. ಇದು 32ನೆಯದು. ದ್ವಿಗುಣ ಮಾಡಿದರೆ 1690, ಅಂದರೆ 81. ಇದು 33ನೆಯದು. 81ರ ವರ್ಗ 6561, ಶೇಷ 125, 66ನೆಯದು. ಮತ್ತೊಮ್ಮೆ ದ್ವಿಗುಣ: 250. ಬರಬೇಕಿದ್ದದ್ದು 1, ಬಂದದ್ದು 250. 1609 ಭಾಗಿಸುವುದಿಲ್ಲ. ಒಂದು ಚೀಟಿಯ ಹಿಂಬದಿಯಲ್ಲಿ ಮುಗಿದ ಲೆಕ್ಕ.

ಪೈಥಾನ್‌ನ ಘಾತದ ಫಂಕ್ಷನ್ನಿಗೆ ಮೂರನೆಯ ಬೆಲೆಯಾಗಿ ಭಾಜಕವನ್ನೂ ಕೊಟ್ಟರೆ ಇದೇ ಕೆಲಸವನ್ನು ಒಳಗೊಳಗೇ ಮಾಡುತ್ತದೆ. ನನ್ನ ಪ್ರೋಗ್ರಾಮಿನ ಹೃದಯ ಆ ಒಂದು ಸಾಲು.

ಯಂತ್ರದ ತೀರ್ಪು

ನೇರ 67ಕ್ಕೆ ಕೈ ಹಾಕಲಿಲ್ಲ. ಚಿಕ್ಕವುಗಳ ಮೇಲೆ ಪರೀಕ್ಷಿಸಿದೆ. ಘಾತಸೂಚಿ 11, 23, 29, 37, 41, 43, 47, 53, 59 ಕೊಟ್ಟಾಗ ‘ಸಂಯುಕ್ತ’ ಎಂದಿತು. 13, 17, 19, 31, 61 ಕೊಟ್ಟಾಗ ‘ಅವಿಭಾಜ್ಯ’ ಎಂದಿತು. ಹದಿನಾಲ್ಕಕ್ಕೆ ಹದಿನಾಲ್ಕೂ ಸರಿ. ಇಷ್ಟಾದ ಮೇಲೆ ಯಾರಿಗೆ ತಾನೆ ಅನುಮಾನ ಬಂದೀತು?

67 ಕೊಟ್ಟೆ. ಒಂದೆರಡು ನಿಮಿಷ ಓಡಿತು. ಪರದೆಯ ಮೇಲೆ ಮೂಡಿದ ಪದ: ‘ಅವಿಭಾಜ್ಯ’.

ಮರ್ಸೆನ್ ಹೇಳಿದ್ದೂ ಅದನ್ನೇ. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ತಡವಾಗಿ, ಅವನ ಬಳಿ ಇಲ್ಲದ ಯಂತ್ರವನ್ನು ಮುಂದಿಟ್ಟುಕೊಂಡು, ನಾನು ಅವನ ತಪ್ಪನ್ನೇ ಮರಳಿ ಮಾಡಿದ್ದೆ.

ಎರಡನೇ ಸಾಕ್ಷಿ

ಕಥೆಯಲ್ಲಿ ಕೋಲ್ ಒಡೆದಿದ್ದಾನೆ ಎಂದಮಾತ್ರಕ್ಕೆ ಪ್ರೋಗ್ರಾಮ್ ತಪ್ಪು ಎಂದುಬಿಡಲು ಮನಸ್ಸಾಗಲಿಲ್ಲ. ಸಂಖ್ಯೆಯ ಬಾಯಿಂದಲೇ ಕೇಳಬೇಕಿತ್ತು. ಅದಕ್ಕೆ ಲುಕಾ ಕಂಡುಕೊಂಡ, ಮುಂದೆ ಲೆಹ್ಮರ್ ಚೊಕ್ಕಟಗೊಳಿಸಿದ ಪರೀಕ್ಷೆ ಇದೆ. 4ರಿಂದ ಶುರು. ಪ್ರತಿ ಹೆಜ್ಜೆಯಲ್ಲಿ ವರ್ಗ ಮಾಡಿ 2 ಕಳೆ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಉಳಿಸಿಕೊ. ಘಾತಸೂಚಿಗಿಂತ ಎರಡು ಕಡಿಮೆ ಹೆಜ್ಜೆಗಳ ಕೊನೆಯಲ್ಲಿ 0 ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಸಂಯುಕ್ತ. ಭಾಜಕವನ್ನು ಹುಡುಕುವ ಗೋಜೇ ಇಲ್ಲ.

ಈ ಬಾರಿ ಇದನ್ನೂ ಕೈಯಲ್ಲಿ ಮಾಡಿದೆ, 7ರ ಮೇಲೆ, ಅಂದರೆ 127ಕ್ಕೆ. 4, ನಂತರ 14, ನಂತರ 194. 127 ಕಳೆದರೆ 67. (ಇಲ್ಲಿಯೂ 67! ಕಾಕತಾಳೀಯ, ಆದರೂ ಆ ಹೊತ್ತಿನಲ್ಲಿ ಅಣಕಿಸಿದಂತೆಯೇ ಇತ್ತು.) ಮುಂದೆ 42, 111. 111ರ ವರ್ಗದಿಂದ 2 ಕಳೆದರೆ 12,319. ಅದು ಸರಿಯಾಗಿ 127ರ 97ರಷ್ಟು. ಶೇಷ 0. ಐದು ಹೆಜ್ಜೆ, 127 ಅವಿಭಾಜ್ಯ.

ಪ್ರೋಗ್ರಾಮಿಗೆ ಹಾಕಿ 61 ಕೊಟ್ಟೆ: 59 ಹೆಜ್ಜೆಗಳ ನಂತರ 0. 67 ಕೊಟ್ಟೆ: 65 ಹೆಜ್ಜೆಗಳ ನಂತರ ಉದ್ದನೆಯ ಒಂದು ಸಂಖ್ಯೆ, 0 ಅಲ್ಲ. ಇಬ್ಬರು ಸಾಕ್ಷಿಗಳು, ಎರಡು ಹೇಳಿಕೆ.

ಆ ಸಂಜೆಯೆಲ್ಲ ತಪ್ಪು ಜಾಗದಲ್ಲೇ ಹುಡುಕಿದೆ. ವರ್ಗಮೂಲವನ್ನು ದಶಮಾಂಶದಲ್ಲಿ ತೆಗೆದದ್ದರಿಂದ ಮೇಲಿನ ಮಿತಿ ಕೆಟ್ಟಿದೆಯೇ ಎಂದು ನೋಡಿದೆ, ಇಲ್ಲ. ಹೆಜ್ಜೆಯ ಎಣಿಕೆ ಒಂದರಿಂದ ಜಾರಿದೆಯೇ ಎಂದು ನೋಡಿದೆ, ಇಲ್ಲ. ಘಾತದ ಫಂಕ್ಷನ್ನನ್ನೇ ಅನುಮಾನಿಸಿ 1609 ಕೊಟ್ಟೆ. 250 ಎಂದು ಸರಿಯಾಗಿಯೇ ಹೇಳಿತು.

1103

ಮರುದಿನ ಒಂದು ಸಣ್ಣ ಬದಲಾವಣೆ ಮಾಡಿದೆ. ಬರೇ ‘ಸಂಯುಕ್ತ’ ಎನ್ನುವ ಬದಲು ಸಿಕ್ಕ ಭಾಜಕವನ್ನೂ ಬರೆ ಎಂದೆ. ಒಂಬತ್ತು ಸಂಯುಕ್ತಗಳಿಗೆ ಬಂದ ಸಾಲು ಹೀಗಿತ್ತು: 23, 47, 1103, 223, 13367, 431, 2351, 69431, 179951.

ಎಲ್ಲವೂ ನಿಜವಾದ ಭಾಜಕಗಳೇ. ಆದರೆ ಮೂರನೆಯದರ ಮೇಲೆ ಕಣ್ಣು ನಿಂತಿತು. 29ರ ಸಂಖ್ಯೆ 53,68,70,911. ಅದನ್ನು 1103ರಿಂದ ಭಾಗಿಸಿದರೆ 4,86,737. ಅದು ಮತ್ತೆ 233 ಮತ್ತು 2089ರ ಗುಣಲಬ್ಧ. ಚಿಕ್ಕದರಿಂದ ದೊಡ್ಡದಕ್ಕೆ ನಡೆಯುವ ಪ್ರೋಗ್ರಾಮ್ 1103ಕ್ಕಿಂತ ಮೊದಲು 233ನ್ನು ಹಿಡಿಯಬೇಕಿತ್ತಲ್ಲ? ಅದನ್ನು ದಾಟಿ ಹೋದದ್ದು ಹೇಗೆ?

233ನ್ನು 8ರಿಂದ ಭಾಗಿಸಿದೆ. ಶೇಷ 1. ಸಾಲಿನಲ್ಲಿರುವ ಒಂಬತ್ತನ್ನೂ 8ರಿಂದ ಭಾಗಿಸಿದೆ. ಶೇಷ 7, 7, 7, ಕೊನೆಯವರೆಗೂ 7.

ಪ್ರೋಗ್ರಾಮ್ ತೆರೆದು ನೋಡಿದರೆ ಅಪರಾಧಿ ಎದುರಿಗೇ ಇದ್ದ. ಮೊದಲ ಸಂಜೆ ವೇಗ ಅಳೆಯಲೆಂದು ಜರಡಿಯ ಎರಡು ಸಾಲುಗಳಲ್ಲಿ ಶೇಷ 1ರ ಸಾಲನ್ನು ತಾತ್ಕಾಲಿಕವಾಗಿ ಮುಚ್ಚಿದ್ದೆ. ಮತ್ತೆ ತೆರೆದಿರಲಿಲ್ಲ. ತಾತ್ಕಾಲಿಕ ಎಂದು ಮಾಡಿದ್ದಷ್ಟು ಗಟ್ಟಿಯಾಗಿ ಉಳಿಯುವುದು ಬೇರೊಂದಿಲ್ಲ.

ತಪ್ಪು ಸಿಕ್ಕಿತು, ಸರಿ. ಆದರೆ ಅರ್ಧ ಕುರುಡಾದ ಪ್ರೋಗ್ರಾಮ್ ಹದಿನಾಲ್ಕು ಪರೀಕ್ಷೆಗಳಲ್ಲಿ ಪಾಸಾದದ್ದು ಹೇಗೆ? ಅವಿಭಾಜ್ಯಗಳ ಮಾತು ಬಿಡಿ, ಅಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಒಂಬತ್ತು ಸಂಯುಕ್ತಗಳನ್ನೂ ಹಿಡಿದದ್ದು ಅದೃಷ್ಟವೇ? ಕಾಗದ ತೆಗೆದುಕೊಂಡು ಕುಳಿತಾಗ ಗೊತ್ತಾಯಿತು, ಅರ್ಧ ಅದೃಷ್ಟ, ಇನ್ನರ್ಧ ಗಣಿತ.

ಒಂದುಗಳ ಸಾಲಾದ್ದರಿಂದ ಇಂಥ ಯಾವುದೇ ಸಂಖ್ಯೆಯ ಕೊನೆಯ ಮೂರು ಬಿಟ್‌ಗಳು 111. ಅಂದರೆ 8ರಿಂದ ಭಾಗಿಸಿದರೆ ಶೇಷ 7, ಇನ್ನೊಂದು ರೀತಿಯಲ್ಲಿ ಹೇಳಿದರೆ −1. ಅದರ ಅವಿಭಾಜ್ಯ ಅಪವರ್ತನಗಳ ಶೇಷವೋ 1, ಇಲ್ಲವೇ −1. ಬರೇ 1ಗಳನ್ನು ಎಷ್ಟು ಗುಣಿಸಿದರೂ −1 ಬರುವುದಿಲ್ಲ. ಆದ್ದರಿಂದ ಶೇಷ 7 ಇರುವ ಅಪವರ್ತನ ಪ್ರತಿಯೊಂದರಲ್ಲೂ ಕನಿಷ್ಠ ಒಂದು ಇದ್ದೇ ಇರುತ್ತದೆ. ನನ್ನ ಕುರುಡು ಜರಡಿಗೆ ಹಿಡಿಯಲು ಏನಾದರೊಂದು ಯಾವಾಗಲೂ ಇರುತ್ತಿತ್ತು. ಅದು ವರ್ಗಮೂಲದ ಒಳಗಿದ್ದರೆ ಸಾಕು. ಆ ಒಂಬತ್ತರಲ್ಲೂ ಒಳಗೇ ಇತ್ತು. 53ರಲ್ಲಿ 6361 ಎಂಬ ಚಿಕ್ಕದನ್ನು ಬಿಟ್ಟರೂ 69431 ಕೈಗೆ ಸಿಕ್ಕಿತ್ತು.

67ರಲ್ಲಿ ಮಾತ್ರ ಅಪವರ್ತನಗಳು ಎರಡೇ. ಚಿಕ್ಕದರ ಶೇಷ 1, ದೊಡ್ಡದರ ಶೇಷ 7. ಚಿಕ್ಕದು ಜರಡಿಗೆ ಕಾಣಲಿಲ್ಲ. ದೊಡ್ಡದು ವರ್ಗಮೂಲದಾಚೆ ಇದ್ದುದರಿಂದ ಅಲ್ಲಿಗೆ ನಾನು ಹೋಗಲೇ ಇಲ್ಲ.

ಮುಚ್ಚಿದ ಸಾಲು ತೆರೆದೆ. ಒಂದೆರಡು ಸೆಕೆಂಡು. 14,45,580ನೇ ಹೆಜ್ಜೆಯಲ್ಲಿ ನಿಂತಿತು: 19,37,07,721.

ಕಾಗದದ ಮೇಲೆ

ನಂಬುವ ಮೊದಲು ಇದನ್ನೂ 1609ರಂತೆ ಕೈಯಲ್ಲಿ ನಡೆಸಿದೆ. 32ನೇ ಘಾತ 4,29,49,67,296. ಅದರಿಂದ 19,37,07,721ರ 22ರಷ್ಟನ್ನು ಕಳೆದರೆ 3,33,97,434. ದ್ವಿಗುಣ 6,67,94,868. ಇದರ ವರ್ಗ 4,46,15,54,39,11,37,424. ಭಾಗಾಕಾರ ಉದ್ದದ್ದು, ಎರಡು ಬಾರಿ ಮಾಡಬೇಕಾಯಿತು. ಭಾಗಲಬ್ಧ 2,30,32,403, ಶೇಷ 9,68,53,861. ಇದು 66ನೇ ಘಾತದ್ದು. ಉಳಿದದ್ದು ಒಂದೇ ದ್ವಿಗುಣ: 19,37,07,722.

ಭಾಜಕಕ್ಕಿಂತ ಸರಿಯಾಗಿ ಒಂದು ಹೆಚ್ಚು. ಶೇಷ 1. ಪೆನ್ನು ಕೆಳಗಿಟ್ಟು ಆ ಕೊನೆಯ 2ನ್ನು ಒಂದಷ್ಟು ಹೊತ್ತು ನೋಡುತ್ತಾ ಕುಳಿತೆ.

(ಇನ್ನೊಂದು ಮಾತು. ಸ್ಪ್ರೆಡ್‌ಶೀಟ್ ಪೂರ್ಣಾಂಕಗಳನ್ನು 9,00,71,99,25,47,40,992ರವರೆಗೆ ನಿಖರವಾಗಿ ಇಟ್ಟುಕೊಳ್ಳಬಲ್ಲದು. ಮೇಲಿನ ವರ್ಗ ಅದರ ಅರ್ಧಕ್ಕಿಂತ ಕಡಿಮೆ. ಅಂದರೆ 21 ಅಂಕಿಯನ್ನು ಒಟ್ಟಿಗೆ ತುರುಕದೆ ಹೀಗೆ ಹೆಜ್ಜೆಹೆಜ್ಜೆಯಾಗಿ ಹೋಗಿದ್ದರೆ ಗುಣಾಕಾರ ಅಲ್ಲಿಯೂ ಕೆಡುತ್ತಿರಲಿಲ್ಲ. ಆದರೆ ಅದು ಈ ಭಾಜಕದ ಪುಣ್ಯ. ಇಷ್ಟೇ ದೊಡ್ಡ ಬೇರೊಂದಕ್ಕೆ ನಡುವಿನ ಶೇಷ ಇದರ ಒಂದೂವರೆ ಪಟ್ಟು ಆಗಿದ್ದರೂ ಮಿತಿ ದಾಟುತ್ತಿತ್ತು.)

ಭಾಗಿಸಿದಾಗ ಬಂದ ಇನ್ನೊಂದು ಅಪವರ್ತನ 7,61,83,82,57,287. 8ರಿಂದ ಭಾಗಿಸಿದರೆ ಶೇಷ 7, ತಲೆಮರೆಸಿಕೊಂಡಿದ್ದವನು ಇವನೇ. ಇದು ಅವಿಭಾಜ್ಯವೇ ಎಂದು ಬೇರೆ ಪರೀಕ್ಷೆ ಬೇಕಾಗಲಿಲ್ಲ. ಇದನ್ನು ಭಾಗಿಸುವ ಯಾವ ಅವಿಭಾಜ್ಯವೂ ಮೂಲ ಸಂಖ್ಯೆಯನ್ನೂ ಭಾಗಿಸಬೇಕು. ಅಂಥವುಗಳಲ್ಲಿ ಅತಿ ಚಿಕ್ಕದೇ 19 ಕೋಟಿ ಮೀರಿದೆ. ಇದರ ವರ್ಗಮೂಲವೋ 9 ಲಕ್ಷದೊಳಗೆ.

ಉಳಿದದ್ದು ಕೋಲ್ ಮಾಡಿದ ಲೆಕ್ಕ. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಅವನು ಮಾತಿಲ್ಲದೆ ಹಲಗೆಯ ಬಳಿಗೆ ಹೋಗಿ, ಒಂದು ಬದಿಯಲ್ಲಿ 2ರ 67ನೇ ಘಾತದಿಂದ 1 ಕಳೆದು, ಇನ್ನೊಂದು ಬದಿಯಲ್ಲಿ ಈ ಎರಡನ್ನೂ ಗುಣಿಸಿ, ಎರಡೂ ಒಂದೇ ಎಂದು ತೋರಿಸಿ ಮರಳಿ ಬಂದು ಕುಳಿತನಂತೆ. ಅಪವರ್ತನ ಹುಡುಕಲು ಮೂರು ವರ್ಷಗಳ ಭಾನುವಾರಗಳು ಬೇಕಾದವು ಎಂಬ ಮಾತೂ ಇದೆ. ಕಥೆಗೆ ಹೇಳುವವರು ಎಷ್ಟು ಬಣ್ಣ ಹಚ್ಚಿದ್ದರೂ ಗುಣಾಕಾರಕ್ಕೆ ಬಣ್ಣ ಹಚ್ಚಲಾಗದು.

ನೋಡಲು ಭಯವಾದರೂ ಈ ಗುಣಾಕಾರದಲ್ಲಿ ಒಂದು ಅನುಕೂಲವಿದೆ. 193707721ರಲ್ಲಿ 7 ಮೂರು ಬಾರಿ ಬರುತ್ತದೆ, 1 ಎರಡು ಬಾರಿ. ದೊಡ್ಡ ಸಂಖ್ಯೆಯ 2, 3, 7, 9ರ ಮಗ್ಗಿಯಷ್ಟನ್ನು ಒಮ್ಮೆ ಬರೆದುಕೊಂಡರೆ ಸಾಕು. 7ರದು 5332867801009, ಅದನ್ನೇ ಮೂರು ಕಡೆ ಇಳಿಸಿದೆ. ಎಂಟು ಸಾಲು ಜೋಡಿಸಿ ಕೂಡಿದೆ. ಅಂಕಿಗಳ ಮೊತ್ತದಿಂದ ತಾಳೆ ನೋಡಿದೆ: ಮೊದಲನೆಯ ಅಪವರ್ತನದ ಅಂಕಿಗಳ ಮೊತ್ತ 37, ಅಂದರೆ 10, ಅಂದರೆ 1. ಎರಡನೆಯದರದ್ದು 64, ಅದೂ 1. ನನ್ನ ಉತ್ತರದ್ದೂ 1. ಖುಷಿಯಿಂದ ಅಂಕಿ ಎಣಿಸಿದರೆ 20! ಶುರುವಾಗುವುದೂ 1475 ಎಂದಲ್ಲ, 1476 ಎಂದು.

193707721ರ ನಡುವಿನ ಸೊನ್ನೆಗೆ ಸ್ಥಾನ ಬಿಡದೆ ಮುಂದಿನ ಸಾಲುಗಳನ್ನೆಲ್ಲ ಒಂದು ಮನೆ ಬಲಕ್ಕೆ ಬರೆದಿದ್ದೆ. ಅಂಕಿಗಳ ಮೊತ್ತದ ತಾಳೆ ಇದನ್ನು ಹಿಡಿಯುವುದೇ ಇಲ್ಲ. ಸಾಲು ಒಂದು ಮನೆ ಸರಿದರೆ 10ರಿಂದ ಗುಣಿಸಿದಂತೆ ಅಥವಾ ಭಾಗಿಸಿದಂತೆ. 9ರ ಲೆಕ್ಕದಲ್ಲಿ 10ಕ್ಕೂ 1ಕ್ಕೂ ವ್ಯತ್ಯಾಸವಿಲ್ಲ. ಒಂದೇ ಕೆಲಸದಲ್ಲಿ ಎರಡನೇ ಬಾರಿ, ತಪ್ಪನ್ನು ನೋಡಲಾಗದ ಪರೀಕ್ಷೆಯೊಂದು ನನಗೆ ಪಾಸು ಕೊಟ್ಟಿತ್ತು.

ಸೊನ್ನೆಗೆ ಜಾಗ ಬಿಟ್ಟು ಮತ್ತೆ ಬರೆದೆ. ಬಲದಿಂದ ಎಡಕ್ಕೆ 7, 2, 9, 2, 1, 4 ಎಂದು ಒಂದೊಂದೇ ಅಂಕಿ ಇಳಿಯುತ್ತಾ ಬಂದು ಕೊನೆಗೆ ನಿಂತದ್ದು 147573952589676412927.

ಮುಗಿದ ಮೇಲೂ ಕುರುಡು ಪ್ರೋಗ್ರಾಮನ್ನು ಅಳಿಸಿಹಾಕಲು ಮನಸ್ಸಾಗಲಿಲ್ಲ. ಅದರ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಶೇಷ 1ರ ಸಾಲನ್ನು ಮುಚ್ಚಿಯೇ ಮುಂದಿನ ಘಾತಸೂಚಿಗಳನ್ನು ಕೊಟ್ಟೆ. 71ಕ್ಕೆ 228479 ಹಿಡಿಯಿತು. 73ಕ್ಕೆ 439. 79ಕ್ಕೆ 2687, 83ಕ್ಕೆ 167, 97ಕ್ಕೆ 11447. ಎಲ್ಲವೂ ಸಂಯುಕ್ತ, ಎಲ್ಲವೂ ಸರಿ. ನಡುವಿನ 89 ನಿಜಕ್ಕೂ ಅವಿಭಾಜ್ಯ ಕೊಡುವಂಥದ್ದು, ಅದನ್ನು ಬಿಟ್ಟೆ. ನೂರರೊಳಗೆ ಆ ತಪ್ಪು ಸಿಕ್ಕಿಬೀಳುವ ಘಾತಸೂಚಿ ಇದ್ದದ್ದು ಒಂದೇ ಒಂದು, 67.